ಹಳೆಯ ದೋಣಿ ಇಂಜಿನ್ನಿಗೆ ಇನ್ನೆಷ್ಟು ಆಯಸ್ಸು?

ನನ್ನ ದೋಣಿಯಲ್ಲಿರುವ ಮೂರು ಸಿಲಿಂಡರಿನ ಡೀಸೆಲ್ ಇಂಜಿನ್ ಈಚೆಗೆ 4,200 ಗಂಟೆಗಳನ್ನು ದಾಟಿತು. ಅದರ ವಯಸ್ಸನ್ನು ಕೇಳಿದವರೆಲ್ಲ ಮರುಕ್ಷಣವೇ ಕೇಳುವುದು, ಇನ್ನೆಷ್ಟು ದಿನ ಬಾಳಬಹುದು ಎಂದು. ನಾಲ್ಕು ವರ್ಷಗಳ ಹಿಂದೆ, ಅದು 3,600 ಗಂಟೆಗಳ ಆಸುಪಾಸಿನಲ್ಲಿದ್ದಾಗ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಬರುತ್ತಿದ್ದ ಬಿಳಿ ಹೊಗೆಯನ್ನು ಕಂಡ ಅನುಭವಿ ಮೆಕ್ಯಾನಿಕ್ ಒಬ್ಬರು, ಪಿಸ್ಟನ್ನಿನ ಸುತ್ತ ಕೂತು ಅನಿಲ ಸೋರದಂತೆ ತಡೆಯುವ ರಿಂಗ್‌ಗಳು ಸವೆದುಹೋಗಿವೆ, ಇಂಜಿನ್ ಬದಲಾಯಿಸುವುದೇ ಲೇಸು ಎಂದಿದ್ದರು. ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ. ಆದರೆ ಹೊಗೆಯೊಂದನ್ನೇ ನೋಡಿ ಒಂದು ಯಂತ್ರದ ಆಯಸ್ಸು ಮುಗಿಯಿತೆಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಆಗ ಶುರುಮಾಡಿದ ಅಳತೆಗಳನ್ನು ಇಂದಿಗೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಅದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲಿಗೆ, ಇಂಜಿನ್ ಓಡಿದ ಗಂಟೆಗಳನ್ನು ಎಣಿಸುವ ಅವರ್ ಮೀಟರಿನ ವಿಚಾರ. ಹಳೆಯ ದೋಣಿಯನ್ನು ಕೊಳ್ಳುವವರು ಮೊಟ್ಟಮೊದಲು ನೋಡುವುದು ಅದನ್ನೇ, ಮೋಸಹೋಗುವುದೂ ಅದರಿಂದಲೇ. ನಾನು ಕೊಂಡ ಮೊದಲ ದೋಣಿಯ ಇಂಜಿನ್ನಿಗೆ 22 ವರ್ಷ ವಯಸ್ಸಾಗಿದ್ದು, ಓಡಿದ್ದು 480 ಗಂಟೆ ಮಾತ್ರ. ಇಷ್ಟು ಕಡಿಮೆ ಓಡಿದ ಇಂಜಿನ್ ಹೊಸದಕ್ಕೆ ಸಮ ಎಂದು ನಂಬಿ ಕೊಂಡೆ. ಒಂದೇ ವರ್ಷದಲ್ಲಿ, ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಬೇಕಾಗಿ ಬಂದಾಗ, ಎರಡು ಸಿಲಿಂಡರುಗಳ ಗೋಡೆಯಲ್ಲಿ ಬೆರಳಿನ ಅಗಲದ ತುಕ್ಕಿನ ಪಟ್ಟೆಗಳು ಕಾಣಿಸಿದವು. ನಿಂತ ಇಂಜಿನ್ನಿನಲ್ಲಿ ಯಾವುದಾದರೊಂದು ಸಿಲಿಂಡರಿನ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಹೊಗೆಕೊಳವೆಯ ಮೂಲಕ ಉಪ್ಪಿನ ತೇವ ಒಳಗೆ ನುಗ್ಗುತ್ತದೆ, ಗೋಡೆಯ ಮೇಲಿನ ಎಣ್ಣೆಯ ಪದರ ತಿಂಗಳುಗಟ್ಟಲೆ ಉಳಿಯುವುದಿಲ್ಲ, ಕಬ್ಬಿಣ ತುಕ್ಕು ಹಿಡಿಯುತ್ತದೆ. ನಿಲ್ಲಿಸಿದಲ್ಲೇ ಬ್ಯಾಟರಿ ಚಾರ್ಜ್ ಮಾಡಲೆಂದು ಲೋಡ್ ಇಲ್ಲದೆ ಗಂಟೆಗಟ್ಟಲೆ ಓಡಿಸಿದ ಡೀಸೆಲ್ ಇಂಜಿನ್ನಿನ ಪಾಡೂ ಒಳ್ಳೆಯದಲ್ಲ. ತಣ್ಣಗೆ ಉರಿಯುವ ಸಿಲಿಂಡರಿನ ಗೋಡೆಯ ಮೇಲೆ ಗಾಜಿನಂಥ ನುಣುಪು ಪದರ ಕಟ್ಟಿಕೊಂಡು, ರಿಂಗುಗಳು ಸರಿಯಾಗಿ ಹಿಡಿಯದೆ ಎಣ್ಣೆ ಮೇಲೇರತೊಡಗುತ್ತದೆ. ವಾರಕ್ಕೆರಡು ಬಾರಿ ಚೆನ್ನಾಗಿ ಬಿಸಿಯಾಗುವಷ್ಟು ದುಡಿದು, ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿಕೊಂಡು 4,000 ಗಂಟೆ ಓಡಿದ ಇಂಜಿನ್ನನ್ನು ನಾನು ಇಂದು ಅಂಥ 480 ಗಂಟೆಯ ಇಂಜಿನ್ನಿಗಿಂತ ಹೆಚ್ಚು ನಂಬುತ್ತೇನೆ.

ಗಂಟೆಗಳಿಗಿಂತ ಉತ್ತಮವಾದ ಲೆಕ್ಕವೊಂದಿದೆ: ಆ ಇಂಜಿನ್ ಒಟ್ಟು ಎಷ್ಟು ಲೀಟರ್ ಡೀಸೆಲ್ ಸುಟ್ಟಿದೆ ಎಂಬುದು. ಗಂಟೆಗೆ ಎರಡು ಲೀಟರ್ ಕುಡಿಯುತ್ತ ಸಾವಧಾನವಾಗಿ ಓಡಿದ ಇಂಜಿನ್ನೂ, ಅದೇ ಮಾದರಿಯ, ಗಂಟೆಗೆ ನಾಲ್ಕು ಲೀಟರ್ ಸುಡುತ್ತ ಪೂರ್ತಿ ಥ್ರಾಟಲಿನಲ್ಲಿ ಓಡಿದ ಇಂಜಿನ್ನೂ ಒಂದೇ ಗಂಟೆಯನ್ನು ತೋರಿಸಿದರೂ, ಎರಡನೆಯದರ ಪಿಸ್ಟನ್ನು, ಬೇರಿಂಗುಗಳು ಹೊತ್ತ ಹೊರೆ ಬಹಳ ಹೆಚ್ಚು. ಹಿಂದಿನ ಮಾಲೀಕರ ಬಳಿ ಡೀಸೆಲ್ ತುಂಬಿಸಿದ ಲೆಕ್ಕ ಸಿಕ್ಕರೆ ಮೀಟರಿಗಿಂತ ಮೊದಲು ಅದನ್ನು ಓದಬೇಕು.

ಇಂಜಿನ್ನನ್ನು ಪರೀಕ್ಷಿಸಬೇಕಾದದ್ದು ಅದು ಪೂರ್ತಿ ತಣ್ಣಗಿರುವಾಗ. ಬೇರೆಯವರ ದೋಣಿಯನ್ನು ನೋಡಲು ಹೋದರೆ ನಾನು ಮಾಡುವ ಮೊದಲ ಕೆಲಸ ಬ್ಲಾಕಿನ ಮೇಲೆ ಅಂಗೈ ಇಡುವುದು. ಅದು ಬೆಚ್ಚಗಿದ್ದರೆ, ಕಾರಣ ಏನೇ ಇರಲಿ, ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹಿಂದಿರುಗುತ್ತೇನೆ. ಏಕೆಂದರೆ ಬಿಸಿ ಇಂಜಿನ್ ತನ್ನ ಸವೆತವನ್ನು ಬಚ್ಚಿಡುತ್ತದೆ. ಡೀಸೆಲ್ ಉರಿಯುವುದು ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಬಿಸಿಗೆ. ಸವೆದ ರಿಂಗು ಅಥವಾ ಸೋರುವ ವಾಲ್ವು ಆ ಒತ್ತಡವನ್ನು ಬಿಟ್ಟುಕೊಟ್ಟರೆ, ತಣ್ಣನೆಯ ಬೆಳಗಿನಲ್ಲಿ ಗಾಳಿ ಬೇಕಾದಷ್ಟು ಕಾಯುವುದಿಲ್ಲ. ಒಮ್ಮೆ ಲೋಹ ಕಾದು ಹಿಗ್ಗಿದ ಮೇಲೆ ಅದೇ ಸಿಲಿಂಡರ್ ಆರೋಗ್ಯವಂತನಂತೆ ವರ್ತಿಸುತ್ತದೆ. ಆದರೆ ಸ್ಟಾರ್ಟ್ ಆಗಲು ತಡವಾಯಿತೆಂದ ಮಾತ್ರಕ್ಕೆ ರಿಂಗನ್ನು ದೂರುವ ಮುನ್ನ ಬ್ಯಾಟರಿ, ಅದರ ಕೇಬಲ್ ತುದಿಗಳು, ಸ್ಟಾರ್ಟಿಗೆ ಮುನ್ನ ಸಿಲಿಂಡರನ್ನು ಕಾಯಿಸುವ ಗ್ಲೋ ಪ್ಲಗ್‌ಗಳನ್ನು ನೋಡಬೇಕು. ಸ್ಟಾರ್ಟರ್ ಮೋಟಾರ್ ನಿಧಾನವಾಗಿ ತಿರುಗಿಸಿದರೆ ಹೊಸ ಇಂಜಿನ್ನೂ ತಡವರಿಸುತ್ತದೆ.

ಹೊಗೆಯ ಬಣ್ಣಗಳನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ: ಕಪ್ಪಾದರೆ ಗಾಳಿ ಸಾಲದು ಅಥವಾ ಹೊರೆ ಹೆಚ್ಚು, ನೀಲಿಯಾದರೆ ಎಣ್ಣೆ ಉರಿಯುತ್ತಿದೆ, ಬಿಳಿಯಾದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ. ಇದು ತಪ್ಪಲ್ಲ, ಆದರೆ ಸಾಲದು. ಬಿಳಿ ಹೊಗೆಯಲ್ಲೇ ಎರಡು ಬಗೆಯಿದೆ. ದೋಣಿಯ ಹೊಗೆಕೊಳವೆಯೊಳಕ್ಕೆ ತಂಪಾಗಿಸುವ ನೀರನ್ನೇ ಬಿಡುವುದರಿಂದ ತಂಪು ಹವೆಯಲ್ಲಿ ಹಬೆ ಏಳುವುದು ಸಹಜ. ಅದು ನೀರಿನ ಮೇಲೆ ಕೆಲವೇ ಅಡಿ ಸಾಗುವಷ್ಟರಲ್ಲಿ ಕರಗಿಹೋಗುತ್ತದೆ. ಉರಿಯದ ಡೀಸೆಲ್ಲಿನ ಬಿಳಿ ಹೊಗೆಯಾದರೋ ನೀರಿನ ಮೇಲೆ ತೆವಳುತ್ತ ನಿಲ್ಲುತ್ತದೆ, ಕಣ್ಣು ಉರಿಸುತ್ತದೆ, ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆಯನ್ನು ಬಿಡುತ್ತದೆ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದ ಹಬೆ, ಅದರ ಜೊತೆಗೆ ಕೂಲೆಂಟ್ ಕಡಿಮೆಯಾಗುತ್ತಿರುವುದು, ಇವೆರಡೂ ಕೂಡಿದರೆ ಹೆಡ್ ಗ್ಯಾಸ್ಕೆಟನ್ನು ಅನುಮಾನಿಸಬೇಕು. ನೀಲಿ ಹೊಗೆ ಯಾವಾಗ ಬರುತ್ತದೆ ಎಂಬುದೂ ಮುಖ್ಯ. ರಾತ್ರಿಯಿಡೀ ನಿಂತು ಸ್ಟಾರ್ಟ್ ಮಾಡಿದ ಕ್ಷಣದಲ್ಲಿ ಮಾತ್ರ ಬಂದು ನಿಂತರೆ ವಾಲ್ವ್ ಗೈಡಿನಿಂದ ತೊಟ್ಟಿಕ್ಕಿದ ಎಣ್ಣೆಯಿರಬಹುದು. ಹೊರೆ ಹೊತ್ತು ಓಡುವಾಗಲೂ ಬಿಡದೆ ಬರುತ್ತಿದ್ದರೆ ರಿಂಗುಗಳ ಕಡೆಗೋ, ಟರ್ಬೊ ಇದ್ದರೆ ಅದರ ಸೀಲಿನ ಕಡೆಗೋ ನೋಡಬೇಕು.

ಬಿಸಿಯಾದ ಇಂಜಿನ್ ನಿಧಾನ ವೇಗದಲ್ಲಿ ಓಡುತ್ತಿರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ತಿರುಗಿಸಿ ಬಿಚ್ಚಿ, ಅದನ್ನು ಬೋರಲಾಗಿ ಆ ಬಾಯಿಯ ಮೇಲೆಯೇ ಸುಮ್ಮನೆ ಇಟ್ಟು ನೋಡಿ. ಮುಚ್ಚಳ ಅಲುಗಾಡಿದರೆ ಚಿಂತೆಯಿಲ್ಲ. ಕುಣಿದು ಹಾರಿಬಿದ್ದರೆ, ಉರಿದ ಅನಿಲ ರಿಂಗುಗಳನ್ನು ದಾಟಿ ಕೆಳಗಿನ ಎಣ್ಣೆಯ ತೊಟ್ಟಿಗೆ ಧಾರಾಳವಾಗಿ ಇಳಿಯುತ್ತಿದೆ ಎಂದರ್ಥ. ಇದು ಒರಟು ಪರೀಕ್ಷೆ, ಆದರೆ ಉಪಕರಣವೇ ಬೇಡದ ಪರೀಕ್ಷೆ. ಎಣ್ಣೆಯ ತೊಟ್ಟಿಯಿಂದ ಅನಿಲ ಹೊರಬಿಡುವ ಗಾಳಿಕೊಳವೆ ಕಟ್ಟಿಕೊಂಡಿದ್ದರೂ ಮುಚ್ಚಳ ಹಾಗೆಯೇ ಹಾರುವುದರಿಂದ ಮೊದಲು ಅದನ್ನು ಸ್ವಚ್ಛ ಮಾಡಿಕೊಳ್ಳಬೇಕು. ವಾಲ್ವನ್ನು ತೆರೆದಿಟ್ಟು ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಇರುವ ಸಣ್ಣ ಇಂಜಿನ್‌ಗಳಲ್ಲಿ ಇನ್ನೂ ಸೊಗಸಾದ ದಾರಿಯಿದೆ. ಒಂದೊಂದೇ ಸಿಲಿಂಡರಿನ ಲಿವರ್ ಇಳಿಸಿ ಕೈಯಿಂದ ನಿಧಾನವಾಗಿ ತಿರುಗಿಸಿದರೆ, ಒಳ್ಳೆಯ ಸಿಲಿಂಡರ್ ಕೈಯನ್ನು ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳುತ್ತದೆ. ಸೋರುವ ಸಿಲಿಂಡರ್ ಉಸ್ಸೆಂದು ಉಸಿರು ಬಿಟ್ಟು ಜಾರಿಕೊಳ್ಳುತ್ತದೆ. ಆ ಉಸಿರು ಗಾಳಿ ಒಳಬರುವ ಬಾಯಲ್ಲಿ ಕೇಳಿಸುತ್ತಿದೆಯೋ, ಎಣ್ಣೆಯ ಬಾಯಲ್ಲಿ ಕೇಳಿಸುತ್ತಿದೆಯೋ ಎಂದು ಕಿವಿಗೊಟ್ಟರೆ ದೋಷದ ಜಾಗವೂ ಸಿಗುತ್ತದೆ.

ನನ್ನ ಇಂಜಿನ್ನಿನ ವಿಷಯದಲ್ಲಿ ತೀರ್ಪು ಕೊಟ್ಟದ್ದು, ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಒತ್ತಡವನ್ನು ಅಳೆಯುವ ಕಂಪ್ರೆಷನ್ ಗೇಜ್. ಸಣ್ಣ ಡೀಸೆಲ್ ಇಂಜಿನ್‌ಗಳಲ್ಲಿ ಆ ಒತ್ತಡ ಸಾಮಾನ್ಯವಾಗಿ 25ರಿಂದ 35 ಬಾರ್ ಇರುತ್ತದೆ. ನಿಖರವಾದ ಮಿತಿಯನ್ನು ಆಯಾ ಇಂಜಿನ್ನಿನ ಕೈಪಿಡಿಯಲ್ಲೇ ನೋಡಬೇಕು. ಒಟ್ಟು ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಅಂತರ: ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಲ್ಲೋ ಏನೋ ಕೆಟ್ಟಿದೆ. ನನಗೆ ಸಿಕ್ಕಿದ್ದು 29, 28 ಮತ್ತು 21. ಮೂರನೆಯ ಸಿಲಿಂಡರಿನೊಳಗೆ ಎರಡು ಮಿಲಿಲೀಟರ್ ಎಣ್ಣೆ ಬಿಟ್ಟು ಮತ್ತೆ ಅಳೆದೆ. ಸವೆತ ರಿಂಗಿನದ್ದಾಗಿದ್ದರೆ ಆ ಎಣ್ಣೆ ಸಂದುಗಳನ್ನು ತುಂಬಿ ಒತ್ತಡ ಏರಬೇಕಿತ್ತು. ಅದು 22ಕ್ಕೆ ನಿಂತಿತು. ಅಂದರೆ ಸೋರುತ್ತಿದ್ದದ್ದು ವಾಲ್ವಿನ ಕಡೆಯಿಂದ. ಟ್ಯಾಪೆಟ್ ಕವರ್ ತೆಗೆದು ನೋಡಿದಾಗ ಎಕ್ಸಾಸ್ಟ್ ವಾಲ್ವಿನ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) 0.2 ಮಿಲಿಮೀಟರ್ ಇರಬೇಕಾದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂಬಷ್ಟಾಗಿತ್ತು. ಸರಿಯಾದ ಕ್ರಮವೆಂದರೆ ಮೊದಲು ಕ್ಲಿಯರೆನ್ಸ್ ಹೊಂದಿಸಿ ಆಮೇಲೆ ಕಂಪ್ರೆಷನ್ ಅಳೆಯುವುದು. ಓದುವವರು ಆ ಕ್ರಮವನ್ನೇ ಪಾಲಿಸಲಿ. ಹೊಂದಿಸಿದ ಮೇಲೆ ಒತ್ತಡ 25ಕ್ಕೆ ಬಂತು, ಬಿಳಿ ಹೊಗೆ ಅರ್ಧದಷ್ಟು ಕಡಿಮೆಯಾಯಿತು. ಆದರೆ 150 ಗಂಟೆಗಳ ನಂತರ ಅದೇ ಕ್ಲಿಯರೆನ್ಸ್ ಮತ್ತೆ ಕುಗ್ಗಿತ್ತು. ವಾಲ್ವು ತನ್ನ ಸೀಟಿನೊಳಕ್ಕೆ ಇಳಿಯುತ್ತಲೇ ಇದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಹೆಡ್ ಬಿಚ್ಚಿ ಸೀಟು ಬದಲಾಯಿಸಿ ವಾಲ್ವು ಕೂರಿಸಿದ ಮೇಲೆ 28 ಬಾರ್. ಹೆಡ್ ತೆಗೆದಿದ್ದಾಗ ಮೂರೂ ಸಿಲಿಂಡರುಗಳ ಗೋಡೆಯನ್ನು ಟಾರ್ಚ್ ಬಿಟ್ಟು ನೋಡಿದೆ. ಕಾರ್ಖಾನೆಯಲ್ಲಿ ಹಾಕಿದ, ಒಂದನ್ನೊಂದು ಓರೆಯಾಗಿ ದಾಟುವ ಸಣ್ಣ ಗೀರುಗಳು ಇನ್ನೂ ಸ್ಪಷ್ಟವಾಗಿದ್ದವು. ಎಣ್ಣೆಯನ್ನು ಹಿಡಿದಿಡುವ ಆ ಗೀರುಗಳು ಉಳಿದಿರುವವರೆಗೆ ಬೋರ್, ಎಂದರೆ ಸಿಲಿಂಡರಿನ ಒಳಗೋಡೆ, ಸವೆದಿದೆ ಎನ್ನುವಂತಿಲ್ಲ. ಬದಲಾಯಿಸುವುದೇ ಲೇಸು ಎಂದು ಹೇಳಿಸಿಕೊಂಡಿದ್ದ ಇಂಜಿನ್ನಿನೊಳಗೆ ಅವನ್ನು ಕಂಡಾಗ ನನಗಾದ ಸಂತೋಷವನ್ನು ಮರೆಯಲಾರೆ.

ಈ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇಂಜಿನ್ ಉರಿಯದೆ ಬರೀ ತಿರುಗುತ್ತಿರುವಾಗಲೂ ಸಮುದ್ರದ ನೀರಿನ ಪಂಪು ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಆದರೆ ಆ ನೀರನ್ನು ಹೊರಗೆ ತಳ್ಳುವ ಹೊಗೆಯ ಒತ್ತಡ ಇರುವುದಿಲ್ಲ. ಸೈಲೆನ್ಸರ್ ತುಂಬಿ, ನೀರು ಹಿಂದಕ್ಕೆ ಏರಿ ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರ್ ಸೇರಿದರೆ, ಸವೆತವನ್ನು ಅಳೆಯಲು ಹೋಗಿ ಇಂಜಿನ್ನನ್ನೇ ಕಳೆದುಕೊಂಡಂತಾಗುತ್ತದೆ. ಆದ್ದರಿಂದ ನೀರು ಒಳಬರುವ ವಾಲ್ವನ್ನು ಮೊದಲು ಮುಚ್ಚಬೇಕು, ಕೆಲಸ ಮುಗಿದು ಇಂಜಿನ್ ಹತ್ತಿಕೊಂಡ ಕೂಡಲೇ ತೆರೆಯಬೇಕು. ಎಣ್ಣೆ ಬಿಟ್ಟು ಅಳೆಯುವಾಗಲೂ ಪ್ರಮಾಣದ ಮೇಲೆ ನಿಗಾ ಇರಲಿ. ಡೀಸೆಲ್ ಇಂಜಿನ್ನಿನ ಪಿಸ್ಟನ್ ಮೇಲೆ ಉಳಿಯುವ ಜಾಗ ಬಹಳ ಕಿರಿದು, ದ್ರವ ಒತ್ತಿದರೆ ಕುಗ್ಗುವುದಿಲ್ಲ.

ಸಿಲಿಂಡರುಗಳು ಮೇಲ್ಭಾಗದ ಕಥೆ. ಕೆಳಭಾಗದ, ಎಂದರೆ ಕ್ರ್ಯಾಂಕ್ ಶಾಫ್ಟು ಮತ್ತು ಅದರ ಬೇರಿಂಗುಗಳ ಸವೆತವನ್ನು ತೋರಿಸುವುದು ಎಣ್ಣೆಯ ಒತ್ತಡ. ಅದನ್ನು ನೋಡಬೇಕಾದದ್ದು ಸ್ಟಾರ್ಟ್ ಮಾಡಿದೊಡನೆ ಅಲ್ಲ. ತಣ್ಣನೆಯ ಎಣ್ಣೆ ದಪ್ಪವಾಗಿದ್ದು ಎಂಥ ಸಡಿಲ ಬೇರಿಂಗಿನಲ್ಲೂ ಒತ್ತಡವನ್ನು ಹಿಡಿದು ತೋರಿಸುತ್ತದೆ. ಒಂದು ಗಂಟೆ ಹೊರೆಯಲ್ಲಿ ಓಡಿಸಿ, ಎಣ್ಣೆ ಪೂರ್ತಿ ತೆಳುವಾದ ಮೇಲೆ, ನಿಧಾನ ವೇಗಕ್ಕೆ ಇಳಿಸಿ ಓದಬೇಕು. ಪ್ರತಿ 1,000 ಆರ್‌ಪಿಎಂಗೆ ಸುಮಾರು 0.7 ಬಾರ್ ಎಂಬುದು ಹಳೆಯ ಅಂದಾಜು. ಡ್ಯಾಶ್‌ಬೋರ್ಡಿನ ಗೇಜನ್ನು ನಂಬದೆ, ಅದಕ್ಕೆ ಇಂಜಿನ್ನಿನಿಂದ ಒತ್ತಡದ ಸೂಚನೆ ಕಳಿಸುವ ಸೆಂಡರ್ ಬಿಚ್ಚಿ ಆ ಜಾಗಕ್ಕೆ ನೇರವಾಗಿ ಮೆಕ್ಯಾನಿಕಲ್ ಗೇಜ್ ಕೂಡಿಸುವುದು ಒಳ್ಳೆಯದು. ಹಳೆಯ ಸೆಂಡರುಗಳು ತಪ್ಪು ತೋರಿಸುವುದು ಅಪರೂಪವಲ್ಲ. ನನ್ನದು ನಾಲ್ಕು ವರ್ಷಗಳಿಂದ ಬಿಸಿಯಲ್ಲಿ 1.4 ಬಾರ್ ಬಿಟ್ಟು ಕದಲಿಲ್ಲ.

ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳಿಸುವುದು ಇನ್ನೊಂದು ದಾರಿ. ಅದರಲ್ಲಿ ಕರಗಿರುವ ಲೋಹಗಳು ಯಾವ ಭಾಗ ಸವೆಯುತ್ತಿದೆ ಎಂದು ಹೇಳುತ್ತವೆ. ಕಬ್ಬಿಣ ಸಿಲಿಂಡರಿನದೋ ಕ್ರ್ಯಾಂಕಿನದೋ, ಅಲ್ಯೂಮಿನಿಯಂ ಪಿಸ್ಟನ್ನಿನದು, ಕ್ರೋಮಿಯಂ ರಿಂಗಿನದು, ಸೀಸ ಮತ್ತು ತವರ ಬೇರಿಂಗಿನದು. ತಾಮ್ರ ಬೇರಿಂಗಿನಿಂದಲೂ ಬರಬಹುದು, ಆಯಿಲ್ ಕೂಲರಿನಿಂದಲೂ ಬರಬಹುದು. ಸಿಲಿಕಾನ್ ಏರಿದರೆ ಗಾಳಿಯ ಜೊತೆ ಧೂಳು ಒಳಸೇರುತ್ತಿದೆ ಎಂದು ಶಂಕಿಸಬೇಕು, ಹೊಸದಾಗಿ ಹಚ್ಚಿದ ಸೀಲೆಂಟಿನಿಂದಲೂ ಅದು ಬರುತ್ತದೆ. ದೋಣಿಯವರು ತಪ್ಪದೆ ನೋಡಬೇಕಾದದ್ದು ಸೋಡಿಯಂ. ಸಮುದ್ರದ ನೀರಿನಲ್ಲಿ ಸೋಡಿಯಂ ಮೆಗ್ನೀಸಿಯಂಗಿಂತ ಸುಮಾರು ಎಂಟು ಪಟ್ಟು ಇರುವುದರಿಂದ, ಎರಡೂ ಆ ಪ್ರಮಾಣದಲ್ಲೇ ಕೂಡಿ ಏರಿದರೆ ಸಮುದ್ರವೇ ಒಳಗೆ ಬಂದಿದೆ; ಸೋಡಿಯಂ ಪೊಟ್ಯಾಸಿಯಂ ಜೊತೆ ಏರಿದರೆ ಕೂಲೆಂಟಿನ ಮೇಲೆ ಅನುಮಾನ. ಆದರೆ ಒಂದೇ ಒಂದು ವರದಿಯನ್ನು ಕೈಯಲ್ಲಿ ಹಿಡಿದು ತೀರ್ಮಾನಕ್ಕೆ ಬರುವುದು ಸರಿಯಲ್ಲ. ಕೊಳ್ಳುವ ದೋಣಿಯ ಎಣ್ಣೆಯನ್ನು ಮಾರುವವರು ಹಿಂದಿನ ವಾರವಷ್ಟೇ ಬದಲಾಯಿಸಿದ್ದರೆ ಆ ಮಾದರಿಯಿಂದ ತಿಳಿಯುವುದು ಅಷ್ಟಕ್ಕಷ್ಟೆ. 100 ಗಂಟೆ ಓಡಿದ ಎಣ್ಣೆಯನ್ನು, ಇಂಜಿನ್ ಬಿಸಿಯಿರುವಾಗ, ಪ್ರತಿ ಬಾರಿ ಒಂದೇ ರೀತಿಯಲ್ಲಿ ತೆಗೆದು ಕಳಿಸುತ್ತ ಬಂದರೆ ಅಂಕಿಗಳಿಗೆ ಅರ್ಥ ಹುಟ್ಟುತ್ತದೆ. ನನ್ನ ಇಂಜಿನ್ನಿನ ಕಬ್ಬಿಣ 38, 41, 40, 44 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಎಂದು ನಡೆದಿದೆ. 44 ದೊಡ್ಡದೋ ಸಣ್ಣದೋ ಎಂದು ನಾನು ಚಿಂತಿಸುವುದಿಲ್ಲ. ಮುಂದಿನದು 70 ಬಂದರೆ ಮಾತ್ರ ಕೆಲಸ ನಿಲ್ಲಿಸಿ ಕಾರಣ ಹುಡುಕುತ್ತೇನೆ.

ಪ್ರಯೋಗಾಲಯಕ್ಕೆ ಕಾಣದ ದೊಡ್ಡ ಕಣಗಳು ಫಿಲ್ಟರಿನಲ್ಲಿ ಸಿಗುತ್ತವೆ. ತೆಗೆದ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಅಯಸ್ಕಾಂತಕ್ಕೆ ಅಂಟುವ ಚೂರು ಕಬ್ಬಿಣ ಅಥವಾ ಉಕ್ಕು. ಅಂಟದೆ ಹೊಳೆಯುವ ಚಕ್ಕೆ ಬೇರಿಂಗಿನದಾಗಿರುವ ಸಾಧ್ಯತೆ ಹೆಚ್ಚು, ಅದನ್ನು ಕಂಡರೆ ದೋಣಿಯನ್ನು ಹೊರಗೆ ಕೊಂಡೊಯ್ಯಬಾರದು. ಎಣ್ಣೆ ಎಷ್ಟು ಕಡಿಮೆಯಾಗುತ್ತಿದೆ ಎಂಬ ಲೆಕ್ಕವೂ ಬೇಕು. ಇಲ್ಲಿ ಬಹಳ ಜನ ಗಮನಿಸದ ಒಂದು ಅಪಾಯವಿದೆ: ಹಳೆಯ ಇಂಜಿನ್ನಿನಲ್ಲಿ ಎಣ್ಣೆಯ ಮಟ್ಟ ಇಳಿಯದೆ ಹಾಗೆಯೇ ಇದ್ದರೆ ಅಥವಾ ಏರಿದರೆ ಸಂತೋಷಪಡುವಂತಿಲ್ಲ. ಫೀಡ್ ಪಂಪಿನ ಹರಿದ ಡಯಾಫ್ರಮ್ಮಿನಿಂದಲೋ ಸೋರುವ ಇಂಜೆಕ್ಟರಿನಿಂದಲೋ ಡೀಸೆಲ್ ಕೆಳಗಿಳಿದು ಎಣ್ಣೆಯನ್ನು ತೆಳುವಾಗಿಸುತ್ತಿರಬಹುದು. ಡಿಪ್ ಸ್ಟಿಕ್ಕನ್ನು ಮೂಸಿದರೆ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿಯೂ, ದೋಣಿಯ ಇಂಜಿನ್ನುಗಳು ಸವೆತದಿಂದ ಸಾಯುವುದು ಕಡಿಮೆ ಎಂಬುದೇ ನನ್ನ ಅಭಿಪ್ರಾಯ. ಅವನ್ನು ಕೊಲ್ಲುವುದು ಉಪ್ಪುನೀರು. ಹೊಗೆಯೂ ಸಮುದ್ರದ ನೀರೂ ಸಂಧಿಸುವ ಎಕ್ಸಾಸ್ಟ್ ಎಲ್ಬೋ ಇಡೀ ಇಂಜಿನ್ನಿನಲ್ಲಿ ಅತಿ ಕಷ್ಟದ ಜಾಗ. ಬಿಸಿ, ಉಪ್ಪು, ಗಂಧಕದ ಆಮ್ಲ ಮೂರೂ ಅಲ್ಲಿ ಒಟ್ಟಿಗೆ ಇರುತ್ತವೆ. ಒಳಗಿನಿಂದ ಮಸಿ ಕಟ್ಟಿಕೊಂಡು ದಾರಿ ಕಿರಿದಾದರೆ ಇಂಜಿನ್ನಿಗೆ ಉಸಿರುಕಟ್ಟುತ್ತದೆ, ಕಪ್ಪು ಹೊಗೆ ಬರುತ್ತದೆ, ವೇಗ ಇಳಿಯುತ್ತದೆ; ನೋಡಿದವರು ಇಂಜಿನ್ ಮುದಿಯಾಯಿತು ಎನ್ನುತ್ತಾರೆ. ಒಳಗೋಡೆ ತೂತಾದರೆ ಇಂಜಿನ್ ನಿಂತ ಮೇಲೆ ನೀರು ಸಿಲಿಂಡರಿಗೆ ಜಿನುಗುತ್ತದೆ. ಹೊರಗಿನಿಂದ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಹಾಳೆಯಷ್ಟೇ ಉಳಿದಿರುವ ಎಲ್ಬೋವನ್ನು ನಾನೇ ಬಿಚ್ಚಿದ್ದೇನೆ. ಅದನ್ನು ಬಿಚ್ಚಿ ನೋಡದೆ ಯಾವ ಹಳೆಯ ಇಂಜಿನ್ನಿನ ಬಗ್ಗೆಯೂ ಮಾತಾಡಬಾರದು ಎನ್ನುವಷ್ಟು ನನಗೆ ಇದರ ಮೇಲೆ ನಂಬಿಕೆ. ಸಮುದ್ರದ ನೀರನ್ನೇ ನೇರವಾಗಿ ಬ್ಲಾಕಿನೊಳಗೆ ಹರಿಸುವ ಇಂಜಿನ್ನುಗಳಲ್ಲಿ ಉಪ್ಪು ಗಟ್ಟಿಯಾಗಿ ಕೂರದಿರಲೆಂದು ಥರ್ಮೋಸ್ಟಾಟನ್ನು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಅಂಥ ಬ್ಲಾಕಿನ ಗೋಡೆ ಒಳಗಿಂದ ಎಷ್ಟು ತಿಂದುಹೋಗಿದೆ ಎಂದು ಕಂಪ್ರೆಷನ್ ಗೇಜ್ ಹೇಳಲಾರದು. ಹೀಟ್ ಎಕ್ಸ್‌ಚೇಂಜರ್ (ಸಮುದ್ರದ ನೀರಿನಿಂದ ಕೂಲೆಂಟನ್ನು ತಂಪಾಗಿಸುವ ಭಾಗ) ಇರುವಲ್ಲಿ, ಅದರ ತಾಮ್ರದ ಕೊಳವೆಗಳ ಬದಲು ತಾನು ಕರಗಲೆಂದು ಹಾಕಿದ ಜಿಂಕ್ ಸರಳನ್ನು ಬಿಚ್ಚಿ ನೋಡಬೇಕು. ಅರ್ಧ ಕರಗಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ಕುರುಹೇ ಇಲ್ಲದಂತೆ ಕರಗಿಹೋಗಿದ್ದರೆ ಎಷ್ಟು ಕಾಲದಿಂದ ತಾಮ್ರದ ಕೊಳವೆಗಳು ಅದರ ಪಾಲಿನ ಸವೆತವನ್ನು ಅನುಭವಿಸಿವೆಯೋ ಎಂದು ಯೋಚಿಸಬೇಕು.

ಕಟ್ಟಿಹಾಕಿದ ಜಾಗದಲ್ಲಿ ಇಂಜಿನ್ ಎಷ್ಟು ಚೆನ್ನಾಗಿ ಓಡಿದರೂ ಹೊರಗೆ ಹೋಗಿ ಹೊರೆ ಹೊರಿಸಿ ನೋಡದೆ ಪರೀಕ್ಷೆ ಮುಗಿಯುವುದಿಲ್ಲ. ಪೂರ್ತಿ ಥ್ರಾಟಲಿನಲ್ಲಿ ಅದು ತನ್ನ ನಿಗದಿತ ಆರ್‌ಪಿಎಂ ಮುಟ್ಟಬೇಕು, ಅಲ್ಲಿ ಹತ್ತು ನಿಮಿಷ ನಿಂತರೂ ಬಿಸಿ ಏರಬಾರದು. ಮುಟ್ಟದಿದ್ದರೆ ಮೊದಲು ದೋಣಿಯ ತಳ ನೋಡಿ. ಒಂದು ವರ್ಷ ನನ್ನ ಇಂಜಿನ್ 3,000 ಮುಟ್ಟಬೇಕಾದಲ್ಲಿ 2,700ಕ್ಕೆ ನಿಂತು ಕಪ್ಪು ಹೊಗೆ ಉಗುಳಿತು. ಪ್ರೊಪೆಲ್ಲರಿನ ಮೇಲೆ ಬೆಳೆದಿದ್ದ ಚಿಪ್ಪುಗಳನ್ನು ಕೆರೆದ ಮೇಲೆ ಸರಿಹೋಯಿತು. ಅಳತೆಗೆ ಮೀರಿದ ಪ್ರೊಪೆಲ್ಲರ್ ಹಾಕಿದ ದೋಣಿಯಲ್ಲಿ ಮಾತ್ರ ಈ ಕೊರತೆ ಹುಟ್ಟಿನಿಂದಲೇ ಇರುತ್ತದೆ, ಆ ಇಂಜಿನ್ ಬದುಕಿಡೀ ಅತಿಹೊರೆಯಲ್ಲಿ ದುಡಿದಿರುತ್ತದೆ, ಅದರ ಗಂಟೆಗಳನ್ನು ಬೇರೆಯದೇ ದರದಲ್ಲಿ ಎಣಿಸಬೇಕು. ಗೇರ್ ಬಾಕ್ಸಿನ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದೆಯೇ, ಇಂಜಿನ್ ಮೌಂಟುಗಳ ರಬ್ಬರ್ ಎಣ್ಣೆ ಕುಡಿದು ಉಬ್ಬಿದೆಯೇ ಎಂಬುದನ್ನೂ ಅದೇ ದಿನ ನೋಡಿಬಿಡಬಹುದು.

ಇವುಗಳನ್ನೆಲ್ಲ ಒಂದು ಅಂಕಿಯಾಗಿ ಕೂಡಿಸಿ ಇಷ್ಟು ವರ್ಷ ಎಂದು ಹೇಳಲು ನಾನು ಪ್ರಯತ್ನಿಸಿಲ್ಲ, ಏಕೆಂದರೆ ಪ್ರತಿ ಭಾಗಕ್ಕೂ ಅದರದೇ ಆಯಸ್ಸಿದೆ. ಹೆಡ್, ಇಂಜೆಕ್ಟರು, ಎಲ್ಬೋ, ಪಂಪುಗಳು ದೋಣಿಯಲ್ಲಿ ಕೂತ ಇಂಜಿನ್ನಿನಿಂದಲೇ ಬಿಚ್ಚಿ ಸರಿಮಾಡಬಹುದಾದವು. ಅವು ಸವೆದರೆ ಅದು ಖರ್ಚಿನ ಮಾತು. ಕ್ರ್ಯಾಂಕ್ ಶಾಫ್ಟಿನ ಬೇರಿಂಗು, ಬೋರು, ಬ್ಲಾಕಿನ ಗೋಡೆಗಳಿಗೆ ಸಾಮಾನ್ಯವಾಗಿ ಇಂಜಿನ್ನನ್ನು ಹೊರಗೆ ಎತ್ತಲೇಬೇಕು, ಬಿಡಿಭಾಗ ಸಿಗದಿದ್ದರೆ ಅಲ್ಲಿಗೆ ಅದರ ಬಾಳು ಮುಗಿದಂತೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ನಾನು ಬರೆಯುವುದು ಬಿಡಿಬಿಡಿಯಾಗಿ. ಸಿಲಿಂಡರುಗಳು ಮತ್ತು ಬೇರಿಂಗುಗಳು ನಾಲ್ಕು ವರ್ಷಗಳಲ್ಲಿ ಕದಲಿಲ್ಲವಾದ್ದರಿಂದ ಈಗ ಓಡುತ್ತಿರುವ ವರ್ಷಕ್ಕೆ 150 ಗಂಟೆಯ ಲೆಕ್ಕದಲ್ಲಿ ಅವುಗಳಿಗೆ ಇನ್ನೂ ಹತ್ತು ವರ್ಷ ಕೊಡಲು ನನಗೆ ಹಿಂಜರಿಕೆಯಿಲ್ಲ. ಎಲ್ಬೋಗೆ ಎರಡು ವರ್ಷ. ಹೀಟ್ ಎಕ್ಸ್‌ಚೇಂಜರಿನ ಮುಂದೆ ಮಾತ್ರ ಪ್ರಶ್ನಾರ್ಥಕ ಚಿಹ್ನೆಯಿದೆ. ಕಳೆದ ಬಾರಿ ಅದರ ಜಿಂಕ್ ಸರಳು ಎಂದಿನ ಆರು ತಿಂಗಳ ಬದಲು ಮೂರೇ ತಿಂಗಳಲ್ಲಿ ಕರಗಿತ್ತು. ಮುಂದಿನ ವಾರ ಎರಡೂ ಕಡೆಯ ಮುಚ್ಚಳ ತೆಗೆದು, ಕೊಳವೆಗಳಿಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಲಿದ್ದೇನೆ.